ಸಾಲಿಗೆ ಬಾರದ ತೂತುಗಳು

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಯಸ್ಸಾದಂತೆ ಎಲ್ಲ ಕರಗಿಹೋಗುತ್ತದೆ ಎನ್ನುವವರು ಎನ್ನಲಿ. ನನ್ನದು ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿಟ್ಟ ಹಾಗಿದೆ, ಮುಚ್ಚಳ ತೆಗೆದರೆ ಇನ್ನೂ ಘಾಟು ಹೊಡೆಯುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ತಿಪಟೂರಿನ ಒಂದು ಕೊಬ್ಬರಿ ಗೋದಾಮಿನ ಮೇಲಿನ ಕೋಣೆಯಲ್ಲಿ ಕೂತು ನಾನು ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬಿಡಿಸುತ್ತಿದ್ದೆ. ಕೆಳಗೆ ಏಳೆಂಟು ಹೆಂಗಸರು ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ಮೇಲೆ ಎರಡು ಕಂಪ್ಯೂಟರು, ಒಂದು ಬೆಸುಗೆಯ ಮೇಜು, ಮೂರು ಜನ: ನಾನು, ಬೆಸುಗೆ ಹಾಕುವ ಅಕ್ಕ, ಮತ್ತು ಯಜಮಾನರು. ಯಜಮಾನರು ಆ ಗೋದಾಮಿನ ಮನೆತನದವರೇ. ಕೊಬ್ಬರಿ ವ್ಯಾಪಾರವನ್ನು ಅಣ್ಣಂದಿರಿಗೆ ಬಿಟ್ಟು ಎಲೆಕ್ಟ್ರಾನಿಕ್ಸ್ ಹಿಡಿದಿದ್ದರು. ಬೆಂಗಳೂರಿನ ಕಂಪನಿಗಳಿಗಾಗಿ ಯಾವ ಭಾಗ ಎಲ್ಲಿ ಕೂರಬೇಕು, ಯಾವ ತಾಮ್ರದ ಗೆರೆ ಎಲ್ಲಿ ಹಾಯಬೇಕು ಎಂದು ಕಂಪ್ಯೂಟರಿನಲ್ಲಿ ಬಿಡಿಸಿ, ಫ್ಲಾಪಿಗೆ ತುಂಬಿ, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಅಲ್ಲಿ ತಯಾರಾದ ಖಾಲಿ ಬೋರ್ಡು ವಾಪಸ್ಸು ಬಂದ ಮೇಲೆ ಅಕ್ಕ ಅದಕ್ಕೆ ಭಾಗಗಳನ್ನು ಬೆಸೆಯುತ್ತಿದ್ದಳು.

ನಾನು ದಿನಾ ಶೆಟ್ಟಿಕೆರೆ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವಳು. ವಾಪಸ್ಸು ಬಸ್ಸು ಐದೂಕಾಲಿಗೆ. ಐದಕ್ಕೆ ಸರಿಯಾಗಿ ಅವತ್ತಿನ ಕೆಲಸವನ್ನೆಲ್ಲ ಒಂದು ಫ್ಲಾಪಿಗೆ ನಕಲು ಮಾಡಿ, ಮೇಲೆ ಚೀಟಿ ಅಂಟಿಸಿ, ತಾರೀಖು ಬರೆದು ಚೀಲಕ್ಕೆ ಹಾಕಿಕೊಂಡು ಏಳುತ್ತಿದ್ದೆ. ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯಕ್ಕೆ ಅಂಟಿದ ಅಭ್ಯಾಸ.

ಆ ವರ್ಷ ಒಂದು ಹೊಸ ಬಗೆಯ ಬೋರ್ಡು ಬಂತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಚಿತ್ರಗಳನ್ನು ಅತಿ ವೇಗದಲ್ಲಿ ದಾಟಿಸುವಂಥದ್ದು. ಎರಡು ಮೈಯ ಬೋರ್ಡು. ಮೇಲೂ ಕೆಳಗೂ ಸಿಗ್ನಲ್ ಗೆರೆಗಳನ್ನು ಬಿಟ್ಟು ಉಳಿದ ಜಾಗವೆಲ್ಲ ಗ್ರೌಂಡ್ ಎಂಬ ತಾಮ್ರದ ಹಾಸು. ಗೆರೆ ಮೇಲಿನಿಂದ ಕೆಳಗಿನ ಮೈಗೆ ಇಳಿಯಬೇಕಾದ ಕಡೆ ಒಂದು ಸಣ್ಣ ತೂತು. ಅದರ ಒಳಗೋಡೆಗೆ ತಾಮ್ರ ಹಿಡಿದಿರುತ್ತದೆ. ಇದಕ್ಕೆ ವಯಾ ಅಂತ ಹೆಸರು. ಜನ ಸಿಗ್ನಲ್ ಹೋಗುವುದನ್ನು ಮಾತ್ರ ನೋಡುತ್ತಾರೆ. ಹೋದದ್ದು ವಾಪಸ್ಸೂ ಬರಬೇಕಲ್ಲ, ಅದು ಗೆರೆಯ ಪಕ್ಕದ ಗ್ರೌಂಡ್ ತಾಮ್ರದಲ್ಲೇ ಬರುತ್ತದೆ. ಇಬ್ಬರು ಒಂದೇ ಕುಕ್ಕೆಯ ಎರಡು ಕಿವಿ ಹಿಡಿದು ನಡೆಯುತ್ತಾರಲ್ಲ, ಹಾಗೆ. ಒಬ್ಬರು ಮೆಟ್ಟಿಲು ಇಳಿದರೆ ಇನ್ನೊಬ್ಬರಿಗೂ ಮಗ್ಗುಲಲ್ಲೇ ಮೆಟ್ಟಿಲು ಇರಬೇಕು. ಇಲ್ಲದಿದ್ದರೆ ಆಕೆ ಮನೆ ಸುತ್ತಿಕೊಂಡು ಬರಬೇಕು, ಅಷ್ಟರಲ್ಲಿ ಕುಕ್ಕೆ ಮಗುಚಿರುತ್ತದೆ. ಆ ಇನ್ನೊಬ್ಬರ ಮೆಟ್ಟಿಲೇ ಗ್ರೌಂಡ್ ವಯಾ. ನಿಧಾನದ ಸಿಗ್ನಲ್ ಆದರೆ ಸುತ್ತು ಹೊಡೆದರೂ ನಡೆಯುತ್ತದೆ. ವೇಗ ಹೆಚ್ಚಿದಂತೆ ಅದು ಹತ್ತಿರವೇ ಇರಬೇಕು.

ಹಾಗಾಗಿ ಸಿಗ್ನಲ್ ಇಳಿಯುವ ಎಂಟು ಕಡೆಯೂ ಅದರ ಮಗ್ಗುಲಲ್ಲೇ ಗ್ರೌಂಡ್ ವಯಾ ಇಟ್ಟಿದ್ದೆ. ಯಜಮಾನರು ಮುದ್ರಿಸಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಏನಮ್ಮ ಇದು? ಕೋಳಿ ಕೆರೆದಂಗೈತಲ್ಲ!”

“ಸಿಗ್ನಲ್ ಎಲ್ಲಿ ಇಳೀತದೋ ಅಲ್ಲೇ ಹಾಕಬೇಕು ಸಾರ್, ಅದಕ್ಕೆ ಹಂಗೆ ಕಾಣ್ತದೆ.”

“ನಮ್ಮ ತೋಟ ನೋಡಿದ್ದೀಯ? ನಮ್ಮಪ್ಪ ಹಗ್ಗ ಹಿಡ್ಸಿ, ಗೂಟ ಹೊಡ್ಸಿ, ಮೂವತ್ತಡಿಗೊಂದು ಸಸಿ ಇಡ್ಸಿದ್ದು. ಯಾವ ಮೂಲೆಲಿ ನಿಂತು ನೋಡು, ಸಾಲು ಸಾಲೇ. ಕೆಲ್ಸ ಅಂದ್ರೆ ಹಂಗಿರ್ಬೇಕು ಕಣಮ್ಮ.”

ನಾನು ಕುಕ್ಕೆ, ಮೆಟ್ಟಿಲು ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ. ಐದಾಯಿತು, ಎದ್ದು ಬಸ್ಸಿಗೆ ಹೋದೆ.

ಬೋರ್ಡು ತಯಾರಾಗಿ ಬಂತು, ಅಕ್ಕ ಬೆಸುಗೆ ಹಾಕಿದಳು, ನೋಡಲು ಬೆಂಗಳೂರಿನ ಇಂಜಿನಿಯರ್ ಬೆಳಗಿನ ರೈಲಿಗೆ ಬಂದರು. ಬೋರ್ಡು ಬಳಸುವುದು ಅವರಿಗೆ ಗೊತ್ತು, ಗೆರೆ ಎಳೆದು ಗೊತ್ತಿಲ್ಲ. ಯಂತ್ರಕ್ಕೆ ಸಿಕ್ಕಿಸಿ ಚಾಲೂ ಮಾಡಿದರೆ ಪರದೆಯ ಮೂಲೆಯಲ್ಲಿ ತಪ್ಪುಗಳ ಎಣಿಕೆ ಓಡತೊಡಗಿತು. ಕಳಿಸಿದ ಚಿತ್ರ ಆ ಕಡೆ ಚಿಂದಿ ಚಿಂದಿ. ಇಂಜಿನಿಯರ್ ಕೇಳಿದರು, “ಗ್ರೌಂಡ್ ವಯಾ ಯಾರು ಹಾಕಿದ್ದು?”

ಬೋರ್ಡಿನ ಮೂಲೆಯಲ್ಲಿ, ನಕ್ಷೆ ಬಿಡಿಸಿದವರ ಪದ್ಧತಿಯಂತೆ, ನನ್ನ ಹೆಸರಿನ ಮೊದಲಕ್ಷರಗಳಿದ್ದವು. ಯಜಮಾನರು ಅದರ ಮೇಲೆ ಬೆರಳಿಟ್ಟರು. “ಇವ್ರೇ.”

ಅಷ್ಟಕ್ಕೆ ಬಿಟ್ಟಿದ್ದರೂ ಸಹಿಸುತ್ತಿದ್ದೆನೇನೋ. ಇಂಜಿನಿಯರನ್ನು ಬೀಳ್ಕೊಡುತ್ತ ಮೆಟ್ಟಿಲ ತಲೆಯಲ್ಲಿ ನಿಂತು, ಕೆಳಗಿನ ಗೋದಾಮಿಗೆಲ್ಲ ಕೇಳುವಂತೆ ಅಂದರು: “ಹೆಂಗಸ್ರ ಕೈಗೆ ಮೌಸ್ ಕೊಟ್ರೆ ಇಷ್ಟೇ ಕಣ್ರೀ. ಐದು ಗಂಟೆ ಬಸ್ಸಿನ ಮೇಲೇ ಗ್ಯಾನ, ಬೋರ್ಡಿನ ಮೇಲೆ ಇಲ್ಲ.”

ಚಿಪ್ಪು ಒಡೆಯುವ ಸದ್ದು ನಿಂತಿತು. ಆಮೇಲೆ ಯಾರೋ ಕಿಸಕ್ಕೆಂದರು. ಮಾರನೆಯ ದಿನ ನಾನು ಗೋದಾಮು ದಾಟುವಾಗ ಒಬ್ಬಳು ಇನ್ನೊಬ್ಬಳಿಗೆ, “ಬಸ್ಸಮ್ಮ ಬಂದ್ಲು ಕಣೇ, ಟೈಮ್ ನೋಡ್ಕೋ” ಎಂದಳು. ನನ್ನ ಹೆಸರು ಹೋಯಿತು. ಅವತ್ತಿನಿಂದ ನಾನು ಬಸ್ಸಮ್ಮ.

ನಿಜ ಹೇಳುತ್ತೇನೆ, ಆ ಮಾತು ಬಿದ್ದ ರಾತ್ರಿಯೆಲ್ಲ ತಪ್ಪು ನನ್ನದೇ ಎಂದು ನಂಬಿದ್ದೆ. ಮರುದಿನ ಯಜಮಾನರು ತೋಟಕ್ಕೆ ಹೋಗಿದ್ದಾಗ ಕಡತ ತೆಗೆದು ನೋಡಿದರೆ, ನನ್ನ ಎಂಟು ವಯಾಗಳು ಇದ್ದಲ್ಲಿ ಇಲ್ಲ! ಎಲ್ಲವನ್ನೂ ಎಳೆದು ದೂರ ತಂದು, ಅಡ್ಡಕ್ಕೂ ಉದ್ದಕ್ಕೂ ಸಾಲು ಹಿಡಿಸಲಾಗಿತ್ತು. ತೆಂಗಿನ ತೋಟವೇ. ಕಡತ ಕೊನೆಗೆ ತಿದ್ದಿದ್ದು ನಾನು ಹಾಳೆ ತೋರಿಸಿದ ದಿನವೇ, ಸಂಜೆ ಆರೂಕಾಲಿಗೆ. ಆರೂಕಾಲಿಗೆ ನಾನು ಮನೆ ಸೇರಿ ಒಲೆ ಹೊತ್ತಿಸಿರುತ್ತೇನೆ. ಚೀಲದಲ್ಲಿದ್ದ ಅದೇ ತಾರೀಖಿನ ಫ್ಲಾಪಿ ಹಾಕಿ ನೋಡಿದೆ, ಅದರಲ್ಲಿ ಎಂಟೂ ಇದ್ದಲ್ಲೇ ಇದ್ದವು.

ಅಕ್ಕನಿಗೆ ತೋರಿಸಿದೆ. “ಈಗ್ಲೇ ಹೋಗಿ ಮಕಕ್ಕೆ ಹಿಡಿಯೇ” ಎಂದಳು. ನಾನು ಹಿಡಿಯಲಿಲ್ಲ. ನಾಲ್ಕು ಗೋಡೆಯ ನಡುವೆ ಹೇಳಿದ್ದು ಅಲ್ಲೇ ಸಾಯುತ್ತದೆ. ಕಂಪ್ಯೂಟರಿನ ಗಡಿಯಾರ ಕೆಟ್ಟಿದೆ ಎಂದುಬಿಡುತ್ತಾರೆ. ಮನೆಯಲ್ಲಿ ಗಂಡನಿಗೆ ಹೇಳಿದರೆ, “ಬುಡು ಅತ್ಲಾಗೆ, ಬೇರೆ ಕೆಲ್ಸ ನೋಡ್ಕೊಂಡ್ರಾಯ್ತು” ಎಂದರು. ಬಿಡುವ ಹೆಂಗಸು ನಾನಲ್ಲ. ನನಗೆ ಕೆಲಸ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನಿಗೆ ನೋಯಬೇಕಿತ್ತು.

ನೋಯಿಸುವ ದಾರಿಯನ್ನು ಯಜಮಾನರೇ ತೋರಿಸಿಕೊಟ್ಟರು. ಕಂಪನಿ ಇನ್ನೊಂದು ಅವಕಾಶ ಕೊಟ್ಟಿತು. ಇಂಜಿನಿಯರ್ ಫೋನಿನಲ್ಲಿ “ಗ್ರೌಂಡ್ ವಯಾ ಸಾಲದು ಅನ್ನಿಸುತ್ತೆ, ಸ್ವಲ್ಪ ನೋಡಿ” ಎಂದರಂತೆ. “ಈ ಸಲ ನಾನೇ ಕುಂತು ಮಾಡ್ತೀನಿ ಸಾರ್” ಎಂದು ಇವರು ಮಾತು ಕೊಟ್ಟರು. ನನಗೆ ಬಿಡಿಭಾಗಗಳ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ ಹಚ್ಚಿದರು. ಅಂಟಿಸುತ್ತ ಓರೆಗಣ್ಣಲ್ಲಿ ನೋಡುತ್ತಿದ್ದೆ. ಸಾಲದು ಎಂದದ್ದಕ್ಕೆ ಇವರು ಸಾಲುಗಳನ್ನೇ ದುಪ್ಪಟ್ಟು ಮಾಡಿದರು! ಮೂವತ್ತಡಿಯ ತೋಟ ಹದಿನೈದು ಅಡಿಯದಾಯಿತು. ಸಿಗ್ನಲ್ ಇಳಿಯುವ ಕಡೆ ಗೆರೆಗಳು ಒತ್ತೊತ್ತಾಗಿದ್ದರಿಂದ ಅಲ್ಲಿಗೆ ಸಾಲು ಬೀಳುತ್ತಿರಲಿಲ್ಲ. ಸಾಲಿಗೆ ಬಾರದ್ದನ್ನು ಬಿಟ್ಟೇಬಿಟ್ಟರು.

ಮೂರನೆಯ ದಿನ ಕರೆದರು. “ನೋಡಮ್ಮ, ಹೆಂಗೈತೆ?”

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಬೇಕಾದ್ದು ನನ್ನ ಧರ್ಮವೂ ಆಗಿತ್ತು. ನಾನು ಕನ್ನಡಕ ಒರೆಸಿಕೊಂಡು, ಪರದೆಗೆ ಬಗ್ಗಿ, ನಿಧಾನವಾಗಿ ನೋಡಿ ಹೇಳಿದೆ: “ಸಾಲು ಬಹಳ ಚೆನ್ನಾಗಿದೆ ಸಾರ್.”

ಅದು ಸುಳ್ಳಲ್ಲ. ಆಮೇಲೆ ಇನ್ನೂ ಒಂದು ಸೇರಿಸಿದೆ: “ಮೂಲೇಲಿ ನಿಮ್ಮ ಹೆಸರು ಹಾಕ್ಬಿಡಿ. ನನ್ನದು ಯಾಕೆ?”

ಅವರು ಪೂರ್ತಿ ಹೆಸರನ್ನೇ ಹಾಕಿಕೊಂಡರು, ದಪ್ಪಕ್ಷರದಲ್ಲಿ. ನಾನು ವಾಪಸ್ಸು ಕೂತು ಖುಷಿಯಲ್ಲಿ ಇನ್ನಷ್ಟು ಚೀಟಿ ಅಂಟಿಸಿದೆ.

ಈ ಸಲ ಸ್ವತಃ ಮಾಡಿದ ಧೈರ್ಯಕ್ಕೆ ನೂರೈವತ್ತು ಬೋರ್ಡನ್ನು ಒಟ್ಟಿಗೇ ಮಾಡಿಸಿ ತರಿಸಿದರು. ಇಂಜಿನಿಯರ್ ಬಂದರು. ಯಂತ್ರ ಚಾಲೂ ಆಯಿತು. ಮೂಲೆಯಲ್ಲಿ ತಪ್ಪುಗಳ ಎಣಿಕೆ ಮೊದಲಿನ ಹಾಗೇ ಓಡಿತು. ಇಂಜಿನಿಯರ್ ಬೋರ್ಡು ತಿರುಗಿಸಿ ಆ ದಪ್ಪಕ್ಷರ ಓದಿ, ಯಜಮಾನರ ಮುಖ ನೋಡಿದರು. “ಇದನ್ನೂ ಅವರೇ ಮಾಡಿದ್ದಾ?”

“ಅಲ್ಲ... ಇದು... ಕರೆಂಟು ಸರಿಯಿಲ್ಲ ಅನ್ಸುತ್ತೆ ಸಾರ್.”

“ಲೈಟು ಸರಿಯಾಗೇ ಉರೀತಿದೆಯಲ್ರೀ.”

ಯಜಮಾನರು ನನ್ನ ಕಡೆ ತಿರುಗಿದರು. ನಾನು ಚೀಟಿ ಅಂಟಿಸುತ್ತಿದ್ದೆ. ಒಂದು ಡಬ್ಬ, ಇನ್ನೊಂದು ಡಬ್ಬ. ಅವರ ಹಣೆಯಲ್ಲಿ ಬೆವರು ಮೂಡಿ, ಇಳಿದು, ಅಂಗಿಯ ಕಾಲರಿಗೆ ಸೇರುವವರೆಗೂ ಅಂಟಿಸುತ್ತಲೇ ಇದ್ದೆ. ಇಂಜಿನಿಯರ್ ತಮ್ಮ ಸಾಮಾನು ಎತ್ತಿಡತೊಡಗಿದಾಗ ಎದ್ದೆ.

“ಸಾರ್, ಹತ್ತು ನಿಮಿಷ ಕೊಡ್ತೀರಾ?”

ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲು ತೆಗೆದುಕೊಂಡು ಸಿಗ್ನಲ್ ಇಳಿಯುವ ಎಂಟು ಕಡೆಯೂ, ಅದರ ಮಗ್ಗುಲಿನ ಗ್ರೌಂಡ್ ತಾಮ್ರದಲ್ಲಿ, ಎಂಟು ತೂತು ಕೊರೆದೆ. ಸುತ್ತಲಿನ ಹಸಿರು ಲೇಪ ಕೆರೆದೆ. ಅಕ್ಕ ಕೂದಲೆಳೆಯಂಥ ತಾಮ್ರದ ತಂತಿ ತೂರಿಸಿ ಎರಡೂ ಕಡೆ ಬೆಸೆದಳು. ಮತ್ತೆ ಚಾಲೂ ಮಾಡಿದರು. ಎಣಿಕೆ ಸೊನ್ನೆಯಲ್ಲೇ ನಿಂತಿತು. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಬಂತು.

“ಇಷ್ಟು ಗೊತ್ತಿದ್ದೂ ಹೋದ ಸಲ ಯಾಕ್ರೀ ಹಾಕಲಿಲ್ಲ?” ಎಂದರು ಇಂಜಿನಿಯರ್.

“ಹಾಕಿದ್ದೆ ಸಾರ್.” ಫ್ಲಾಪಿ ತೋರಿಸಿದೆ. ಪಕ್ಕದಲ್ಲೇ ಆರೂಕಾಲರ ಕಡತ ತೋರಿಸಿದೆ. “ನಾನು ಬಸ್ಸಿಗೆ ಹೋದ ಮೇಲೆ ಇವರು ತೋಟ ಮಾಡಿದ್ರು.”

ಇಂಜಿನಿಯರ್ ನಕ್ಕುಬಿಟ್ಟರು. ಬೈದಿದ್ದರೆ ಯಜಮಾನರಿಗೆ ಅಷ್ಟು ನಾಟುತ್ತಿರಲಿಲ್ಲ. ಇನ್ನು ಮುಂದೆ ನಕ್ಷೆ ಈಕೆಯೇ ಬಿಡಿಸಿದರೆ ಕೆಲಸ ಕೊಡುತ್ತೇನೆ, ಈ ನೂರೈವತ್ತನ್ನೂ ಹೀಗೇ ಸರಿಮಾಡಿ ಕೊಡಿ ಎಂದರು.

“ತಪ್ಪಾಯ್ತು ಬುಡಮ್ಮ” ಎಂದರು ಯಜಮಾನರು, ನೆಲ ನೋಡುತ್ತ.

“ಇಲ್ಲಿ ಅಲ್ಲ ಸಾರ್. ಹೋದ ಸಲ ಅಂದಿರಲ್ಲ, ಅಲ್ಲಿ ನಿಂತು ಹೇಳಿ. ಅಲ್ಲೀವರ್ಗೂ ನಾನು ಮೌಸ್ ಮುಟ್ಟೋಳಲ್ಲ.”

ಇಂಜಿನಿಯರ್ ಕಿಟಕಿಯಾಚೆ ನೋಡತೊಡಗಿದರು. ಯಜಮಾನರು ಹೋಗಿ ಮೆಟ್ಟಿಲ ತಲೆಯಲ್ಲಿ ನಿಂತು ಗಂಟಲಲ್ಲೇ ಏನೋ ಗೊಣಗಿದರು. ಕೆಳಗೆ ಚಿಪ್ಪು ಒಡೆಯುವ ಸದ್ದು ನಡೆದೇ ಇತ್ತು.

“ಕೇಳಿಸ್ಲಿಲ್ಲ ಸಾರ್, ಅವರಿಗೆ” ಎಂದೆ.

ಎರಡನೆಯ ಸಲ ಗಟ್ಟಿಯಾಗಿ ಹೇಳಿದರು. “ಬೋರ್ಡು ಕೆಟ್ಟಿದ್ದು ನನ್ನಿಂದ. ಈ ಅಮ್ಮಂದೇನೂ ತಪ್ಪಿಲ್ಲ ಕಣ್ರಮ್ಮ.” ಸದ್ದು ನಿಂತಿತು. ಕೆಳಗಿಂದ ಒಂದು ಹೆಣ್ಣು ದನಿ ಬಂತು: “ಅದ್ಯಾಕ್ ಸ್ವಾಮಿ, ನೀವೂ ಬಸ್ಸಿಗೆ ಹೋಗಿದ್ರಾ?” ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಎಂಥ ಹಬ್ಬದೂಟವೂ ಅಷ್ಟು ರುಚಿಸಿಲ್ಲ.

ಆದರೆ ನೂರೈವತ್ತು ಬೋರ್ಡು. ಬೋರ್ಡಿಗೆ ಎಂಟು ತೂತು. ಕೊರೆಯುವವಳು ನಾನೇ, ಬೆಸೆಯುವವಳು ಅಕ್ಕನೇ. ಒಂದು ಮಾತು ಮೊದಲೇ ಹೇಳಿದ್ದರೆ ಯಾವುದೂ ಬೇಕಿರಲಿಲ್ಲ. ಹನ್ನೆರಡು ದಿನ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು, ಬೋರ್ಡಿನ ಪುಡಿ ಸೆರಗಿಗೆ ಕೂತು ಮೈಯೆಲ್ಲ ನವೆ. ಮನೆಯಲ್ಲಿ ರೊಟ್ಟಿ ತಟ್ಟಲು ಆಗದೆ ಮುದ್ದೆ, ಮುದ್ದೆ ತೊಳಸಲು ಆಗದೆ ಅನ್ನ.

ಆರನೆಯ ದಿನವೋ ಏಳನೆಯ ದಿನವೋ ಅಕ್ಕ ಬೆಸುಗೆ ಕಡ್ಡಿ ಪಕ್ಕಕ್ಕಿಟ್ಟು ಬೆರಳು ಊದಿಕೊಂಡಳು. “ಸೇಡು ನಿಂದು, ಸುಟ್ಕಳೋ ಬೆಳ್ಳು ನಂದಾ? ನಿಜ ಹೇಳೇ, ಅವತ್ತೇ ಹೇಳ್ಬೇಕಿತ್ತು ಅನ್ನುಸ್ತಾ ಇಲ್ವಾ ನಿಂಗೆ?”

ನಾನು ಯೋಚಿಸಿದೆ. ಆಕೆ ಕೇಳಿದ್ದಕ್ಕೆ ಮರ್ಯಾದೆ ಕೊಟ್ಟು, ನಿಜವಾಗಿಯೂ ಯೋಚಿಸಿದೆ.

“ಇಲ್ಲ ಕಣಕ್ಕ” ಎಂದು ಮುಂದಿನ ಬೋರ್ಡು ಎತ್ತಿಕೊಂಡೆ.