ಹೊರಗೇ ಚಹಾ ಕೊಟ್ಟೆ

ನನ್ನ ತಮ್ಮ ಅದಿರಿನ ಲಾರಿ ಓಡಿಸುತ್ತಿದ್ದ. ಸಂಡೂರಿನ ಗಣಿಯಿಂದ ಹೊಸಪೇಟೆಗೆ ಇಳಿದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದ. ಅವನು ಕೂತೆದ್ದ ಜಾಗವೆಲ್ಲ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಅದಕ್ಕೇ ಅವನ ಚಹಾಕ್ಕೆಂದು ಒಂದು ಸ್ಟೀಲ್ ಲೋಟವನ್ನು ಹೊರಗಿನ ಕಿಟಕಿಯಲ್ಲಿ ಇಟ್ಟಿದ್ದೆ. ಒಡಹುಟ್ಟಿದವನಿಗೆ ಬೇರೆ ಲೋಟ. ಆಗ ಅದು ತಪ್ಪೆನಿಸಲಿಲ್ಲ. ಓಣಿಯ ಹೆಂಗಸರೆಲ್ಲ ದಿನಬೆಳಗಾದರೆ ಧೂಳಿನ ಜೊತೆ ಜಗಳಾಡುತ್ತಿದ್ದೆವು.

ಹೊಸ ವರ್ಷಕ್ಕೆ ಗಣಿ ಕಚೇರಿಯಲ್ಲಿ ಕೊಟ್ಟ ಡೈರಿಯನ್ನು ಅವನು ನನಗೇ ತಂದುಕೊಡುತ್ತಿದ್ದ. “ನಾ ಏನ್ ಬರೀಲಿ? ನೀ ಹತ್ತನೇತ್ತ ಪಾಸಾದಾಕಿ, ಬರಿ,” ಎನ್ನುತ್ತಿದ್ದ. ದಿನಕ್ಕೆರಡು ಸಾಲು ಬರೆಯುತ್ತಿದ್ದೆ.

ಸಂಡೂರಿನ ಇಳಿಜಾರಿನಲ್ಲಿ ಲಾರಿ ಉರುಳಿ ಅವನು ಹೋದ. ವರ್ಷದ ಎಡೆ ಹತ್ತಿರ ಬಂದಾಗ ಅವನ ಹೆಂಡತಿ ಕಂಪ್ಲಿಯಿಂದ ಬಂದಳು. “ಅಕ್ಕಾರ, ಮಗಳು ಭಾಳ ಸಣ್ಣಾಕಿ. ಅಪ್ಪ ಹೆಂಗಿದ್ದ ಅಂತ ನಾಳೆ ಕೇಳ್ತಾಳ. ನಾಕು ಮಾತು ಬರದುಕೊಡ್ರಿ,” ಎಂದಳು.

ಅವನು ಕೊನೆಯ ಸಲ ಬಂದ ದಿನದಿಂದಲೇ ಶುರುಮಾಡಿದೆ. ‘ನಿಮ್ಮಪ್ಪ ಬಂದ. ಒಳಗೆ ಬಾ ಎಂದೆ. ಚಾಪೆ ಹಾಸಿಕೊಟ್ಟೆ.’ ಬರೆಯುತ್ತ ಅತ್ತೆ. ಬರೆದದ್ದನ್ನು ನಂಬಿಯೂಬಿಟ್ಟೆ. ಆಮೇಲೆ ತಾರೀಖು ನೋಡಲು ಡೈರಿ ತೆರೆದೆ. ‘ಅಮಾವಾಸ್ಯೆ. ನೆಲ ಒರೆಸಿದೆ. ತಮ್ಮ ಬಂದಿದ್ದ. ಹೊರಗೇ ಚಹಾ ಕೊಟ್ಟೆ.’

ಅವನ ಮಾತು ಅಲ್ಲಿರಲಿಲ್ಲ. ಅದು ನನ್ನ ಕಿವಿಯಲ್ಲಿದೆ.

“ಅಕ್ಕಾ, ಒಂದ್ ತಾಸು ಒಳಗ ಮಲಗ್ತೀನಿ.”

“ಈಗ ನೆಲ ಒರೆಸೀನಿ, ಪೂಜಿ ಆಗಬೇಕು. ಸ್ನಾನ ಮಾಡ್ಕೊಂಡು ಬಾ ಹೋಗಲೇ.”

“ವಿರೂಪಾಕ್ಷನ ಗುಡಿಗೂ ಕಾಲು ತೊಳಕೊಂಡ್ರ ಸಾಕಬೇ. ನಿನ್ ಮನಿಗೆ ಪೂರಾ ಸ್ನಾನನ ಬೇಕು!”

ನಗುತ್ತಲೇ ಲೋಟ ತೊಳೆದು, ಕಿಟಕಿಯಲ್ಲಿ ಬೋರಲು ಇಟ್ಟು ಹೋದ. ಲಾರಿ ಉರುಳಿದ್ದು ಅದೇ ಸಂಜೆ. ಕಾರಣ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಆ ಒಂದು ತಾಸು ನೆನಪಾಗುತ್ತದೆ.

ಡೈರಿಯ ಹಿಂದಿನ ಹಾಳೆಗಳನ್ನು ತಿರುವಿದೆ. ಅವನು ನಕ್ಕದ್ದು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಅವನು ಬಂದ ದಿನಗಳಲ್ಲೆಲ್ಲ ‘ಮತ್ತೆ ಒರೆಸಿದೆ’ ಎಂದಷ್ಟೇ ಇತ್ತು. ಅವನೇ ತಂದುಕೊಟ್ಟ ಪುಸ್ತಕದಲ್ಲಿ ಅವನ ಧೂಳಿನ ಮೇಲಿನ ದೂರು ಮಾತ್ರ.

ಮೊದಲು ಬರೆದದ್ದನ್ನು ಹರಿದೆ. ಚಾಪೆ ಹಾಸಲಿಲ್ಲವೆಂದು ಬರೆದೆ, ಲೋಟದ ವಿಷಯವನ್ನೂ ಬರೆದೆ. ಮಗುವಿಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅಪ್ಪನ ಬಗ್ಗೆ ಸುಳ್ಳು ಬೇಡ ಎನಿಸಿತು.

ಎಡೆಯ ದಿನ ಹಾಳೆಗಳನ್ನು ತಮ್ಮನ ಹೆಂಡತಿಯ ಕೈಗಿಟ್ಟೆ. ಓದಿ ಮಡಚಿಟ್ಟುಕೊಂಡಳು. ಆಮೇಲೆ, “ಲೋಟದ್ದು ನಂಗೊತ್ತಿತ್ರಿ ಅಕ್ಕಾರ. ‘ಅಕ್ಕನ ಮನ್ಯಾಗ ನಂದ ಅಂತ ಒಂದು ಲೋಟ ಐತಿ’ ಅಂತ ಎಲ್ಲಾರ ಮುಂದ ಹೇಳ್ಕೊಂಡು ತಿರುಗ್ತಿದ್ರು,” ಎಂದಳು.

ನಾನು ಎದ್ದು ಹೊರಗೆ ಹೋದೆ. ಕಿಟಕಿಯಲ್ಲಿ ಬೋರಲಿದ್ದ ಲೋಟ ತೆಗೆದುಕೊಂಡು, ತುಂಬ ಚಹಾ ಸುರಿದು, ಅವನ ಫೋಟೋದ ಮುಂದಿನ ಎಡೆಗೆ ತಂದಿಟ್ಟೆ. ಲೋಟದ ಅಡಿಯಲ್ಲಿ ಕೂತಿದ್ದ ಕೆಂಪು ಧೂಳು ತುಳುಕಿದ ಚಹಾದೊಂದಿಗೆ ಎಡೆಯವರೆಗೂ ನೆಲದ ಮೇಲೆ ತೊಟ್ಟಿಕ್ಕಿತ್ತು. ಆ ದಿನವೂ ನೆಲ ಒರೆಸಿದ್ದೆ. ಮತ್ತೆ ಒರೆಸಲಿಲ್ಲ.