ಕೊನೆಯ ಸೀಸೆ ಉಳಿಸಿದ ಸೂಲಗಿತ್ತಿ

“ಏಳ್ರಪ್ಪಾ, ಹೊಟ್ಟೆ ಹಸೀತಾ?”

ಈಗಷ್ಟೇ ಬೆಳಕು ಹರಿಯುತ್ತಿದೆ. ಪ್ರಯೋಗಾಲಯದ ಉದ್ದನೆಯ ಓಣಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಕೈಗವಸಿಗೆ ಸ್ಪಿರಿಟ್ ಸಿಂಪಡಿಸಿಕೊಂಡು, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗಿನ ಚಪ್ಪಟೆ ಬಾಟಲಿಗಳನ್ನು ಮಾತನಾಡಿಸುತ್ತಿದ್ದಾರೆ. ಅವುಗಳಲ್ಲಿರುವುದು ಬರಿಗಣ್ಣಿಗೆ ಕಾಣದ ಜೀವಕೋಶಗಳು. ಅವು ತೇಲುವ ಗುಲಾಬಿ ಬಣ್ಣದ ಪೋಷಕ ದ್ರವಕ್ಕೆ ಇವರು ಗಂಜಿ ಎನ್ನುತ್ತಾರೆ. ಗಂಜಿ ಹಳದಿಗೆ ತಿರುಗಿದರೆ ಒಳಗಿನವಕ್ಕೆ ಹಸಿವಾಗಿದೆ ಎಂದರ್ಥ. “ಮಕ್ಕಳಾದ್ರೆ ಅಳ್ತಾವೆ, ಇವು ಬಣ್ಣ ಬದಲಾಯಿಸ್ತಾವೆ. ಅಷ್ಟೇ ವ್ಯತ್ಯಾಸ.” ಸಹೋದ್ಯೋಗಿಗಳು ಇವರನ್ನು ಸೂಲಗಿತ್ತಿ ಎಂದೇ ಕರೆಯುತ್ತಾರೆ, ಇವರಿಗೂ ಅದರಲ್ಲಿ ಬೇಸರವಿಲ್ಲ.

ಈ ಕೋಶಗಳು ತಯಾರಿಸುವುದು ಪ್ರತಿಕಾಯವನ್ನು, ಅಂದರೆ ಒಂದು ನಿರ್ದಿಷ್ಟ ವಸ್ತುವನ್ನು ಹುಡುಕಿ ಹೋಗಿ ಅಂಟಿಕೊಳ್ಳುವ ಪ್ರೋಟೀನನ್ನು. ಇಲ್ಲಿ ಆ ವಸ್ತು ಒಂದು ಕಿಣ್ವ. ನಮ್ಮ ದೇಹದ ಕೋಶಗಳಲ್ಲಿ ಡಿಎನ್‌ಎ ಎಂಬ ಎಳೆ ಹಿಸ್ಟೋನ್ ಎಂಬ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಉಂಡೆಗಳ ಮೇಲೆ ಗುರುತು ಹಾಕುವುದು ಈ ಕಿಣ್ವದ ಕೆಲಸ. ಕೆಲವು ಕ್ಯಾನ್ಸರುಗಳಲ್ಲಿ ಇದು ಮಿತಿಮೀರಿ ಹುಟ್ಟುತ್ತದೆ. ಗಡ್ಡೆಯ ತೆಳು ಚೂರಿನಲ್ಲಿ ಅದು ಎಷ್ಟಿದೆ ಎಂದು ಪರೀಕ್ಷಿಸುವ ಆಸ್ಪತ್ರೆಯ ವೈದ್ಯೆಗೆ ಈ ಪ್ರತಿಕಾಯವೇ ಆಗಬೇಕು. ಅವರು ತರಿಸಿ ನೋಡಿದ ಬೇರೆಯವು ಕಂಡಕಂಡದ್ದಕ್ಕೆಲ್ಲ ಅಂಟಿಕೊಂಡವಂತೆ. ನಮ್ಮ ಸೂಲಗಿತ್ತಿಯ ಬಾಟಲಿಯದು ಮಾತ್ರ ಏಕಪತ್ನೀವ್ರತಸ್ಥ!

ಕಳೆದ ವರ್ಷ ಈ ವಂಶ ನಿರ್ವಂಶವಾಗುವುದರಲ್ಲಿತ್ತು. ಕೋಶಗಳನ್ನು ಹೆಪ್ಪುಗಟ್ಟಿಸಿ ಕಾಪಿಡುವ, ಕೊರೆಯುವ ದ್ರವ ಸಾರಜನಕದ ತೊಟ್ಟಿ ರಜೆಯಲ್ಲಿ ಸೋರಿ ಬರಿದಾಯಿತು. ಒಳಗಿದ್ದ ಸೀಸೆಗಳೆಲ್ಲ ಕರಗಿ ಕೆಟ್ಟವು. ಆಗ ಬಾಟಲಿಯಲ್ಲೂ ಈ ಕೋಶಗಳು ಬೆಳೆಯುತ್ತಿರಲಿಲ್ಲ. ಪಕ್ಕದ ಕಟ್ಟಡದ ತೊಟ್ಟಿಯಲ್ಲಿ ಪುಣ್ಯಕ್ಕೆ ಎರಡು ಸೀಸೆ ಉಳಿದಿದ್ದವು. ಆ ಎರಡೂ ಹೋದರೆ ಪ್ರತಿಕಾಯದ ಕಥೆ ಮುಗಿದಂತೆ.

ಮೊದಲ ಸೀಸೆಯ ಕೋಶಗಳನ್ನು ಕರಗಿಸಿ ಎಚ್ಚರಿಸಿದಾಗ ಇವರು ಅಕ್ಕರೆಯಿಂದಲೇ ಎಡವಿದರು. ಇದ್ದುದರಲ್ಲೇ ದೊಡ್ಡ ಬಾಟಲಿ ಕೊಟ್ಟರು, ತುಂಬ ಹೊಸ ಗಂಜಿ ಹೊಯ್ದರು, ದಿನವೂ ಹಳೆಯದನ್ನು ಪೂರ್ತಿ ತೆಗೆದು ಬದಲಾಯಿಸಿದರು. ಗಂಜಿ ಗುಲಾಬಿಯಾಗಿಯೇ ಉಳಿಯಿತು. ತಿನ್ನುವವರೇ ಇರಲಿಲ್ಲ. “ಶುಚಿ ಶುಚಿ ಅಂತ ನಾನೇ ಕೊಂದೆ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ,” ಎನ್ನುತ್ತಾರೆ.

ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರಾದ ಪ್ರಯೋಗಾಲಯದ ಮುಖ್ಯಸ್ಥರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ಅಕ್ಕಾ, ನಿತ್ರಾಣ ಇರೋರನ್ನ ದೊಡ್ಡ ಮನೇಲಿ ಒಂಟಿ ಬಿಟ್ವಿ ಅನ್ಸುತ್ತೆ. ಈ ಸಲ ಪ್ಲಾಸ್ಟಿಕ್ ತಟ್ಟೆಯ ಚಿಕ್ಕ ಗುಂಡಿ ಸಾಕು.”

“ಹೌದು ಸರ್, ಹೊಸ ಗಂಜಿ ಅರ್ಧ ಹಾಕೋಣ. ಇನ್ನರ್ಧ ಹಳೇದು.”

ಕೋಶಗಳು ತಾವಿದ್ದ ದ್ರವಕ್ಕೆ ಒಂದಕ್ಕೊಂದು ಬೇಕಾದ್ದನ್ನು ಬಿಟ್ಟಿರುತ್ತವೆ. ಸಂಖ್ಯೆ ಕಡಿಮೆಯಿದ್ದಾಗ ಅದೇ ಅವಕ್ಕೆ ಆಸರೆ. ಅತಿಯಾದರೆ ಅಮೃತವೂ ವಿಷ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಪ್ರತಿಕಾಯ ತಯಾರಿಸದ ಬೇರೆ ಕೋಶಗಳ ಬಾಟಲಿಯಿಂದ ಹಳೆ ಗಂಜಿ ಸೋಸಿ ತಂದರು. ಕೊನೆಯ ಸೀಸೆಯನ್ನು ಬೆರಳ ತುದಿಯಷ್ಟಗಲದ ಗುಂಡಿಗಳಲ್ಲಿ ಒತ್ತೊತ್ತಾಗಿ ಇಳಿಸಿದರು.

ಇನ್ನು ಮುಟ್ಟುವಂತಿಲ್ಲ. ಬೆಳಗಾದರೆ ಬಾಗಿಲು ತೆಗೆದು ಇಣುಕುವವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಬಸ್ ಓಡಿಸುವ ಗಂಡ ತಟ್ಟೆ ಮುಂದೆ ಸರಿಸಿ ಹೇಳಿದರಂತೆ, “ಬೇಯೋತನಕ ಇದ್ದೋಳಿಗೆ ಆರೋತನಕ ಇರೋಕಾಗಲ್ವೇನೇ?”

ಇದ್ದರು, ಹಲ್ಲು ಕಚ್ಚಿಕೊಂಡು. ವಾರ ಕಳೆದ ಮೇಲೆ ಸೂಕ್ಷ್ಮದರ್ಶಕದಡಿ ನೋಡಿದರೆ ಒಂದು ಗುಂಡಿಯ ಅಂಚಿನಲ್ಲಿ ದುಂಡನೆಯ, ಹೊಳೆಯುವ ಕೋಶಗಳ ಗುಂಪು! ಮಾರನೆಯ ದಿನ ಅದು ಹಿಗ್ಗಿತ್ತು. ಕೆಲವೇ ದಿನಗಳಲ್ಲಿ ಗಂಜಿ ಹಳದಿಗೆ ತಿರುಗಿತು. “ಹಸಿವಾಯ್ತು ಸರ್, ಹಸಿವಾಯ್ತು!” ಎಂದು ಇವರು ಓಣಿಯುದ್ದಕ್ಕೂ ಓಡಿದ್ದನ್ನು ಕಾವಲುಗಾರ ಈಗಲೂ ನಟಿಸಿ ತೋರಿಸುತ್ತಾನೆ.

ಬದುಕಿದರೆ ಸಾಲದು, ಗುಣ ಉಳಿದಿದೆಯೇ? ಕಿಣ್ವವಿರುವ ಮಾನವ ಕೋಶಗಳನ್ನೂ, ಅದನ್ನು ಬೇಕೆಂದೇ ತೆಗೆದುಹಾಕಿದ ಕೋಶಗಳನ್ನೂ ಅಕ್ಕಪಕ್ಕ ಇಟ್ಟು, ಹೊಸ ಪ್ರತಿಕಾಯ ಹಾಕಿದರು. ಅದು ಅಂಟಿದ ಕಡೆಯೆಲ್ಲ ಹಸಿರು ಹೊಳೆಯುವಂತೆ ಬಣ್ಣ ಕೊಟ್ಟರು. ಕತ್ತಲೆ ಕೋಣೆಯಲ್ಲಿ ಮುಖ್ಯಸ್ಥರು ಇವರನ್ನೇ ಮೊದಲು ಕೂರಿಸಿದರು. ಒಂದು ಗಾಜಿನಲ್ಲಿ ಪ್ರತಿ ಕೋಶದ ನಟ್ಟನಡುವೆ ಹಸಿರು. ಕಿಣ್ವ ತೆಗೆದ ಇನ್ನೊಂದರಲ್ಲಿ ಕಗ್ಗತ್ತಲು, ಒಂದು ಚುಕ್ಕಿಯೂ ಇಲ್ಲ. ಆ ಕತ್ತಲನ್ನು ಕಂಡು ಇವರು ಚಪ್ಪಾಳೆ ತಟ್ಟಿದರು. ಆ ವಾರವೇ ಆಸ್ಪತ್ರೆಗೆ ಹೊಸ ಪ್ರತಿಕಾಯ ಹೋಯಿತು.

ಈಗ ಆ ಕೋಶಗಳು ಬೇರೆ ಬೇರೆ ಊರಿನ ತೊಟ್ಟಿಗಳಲ್ಲಿ ತಣ್ಣಗೆ ಮಲಗಿವೆ. ಪೈಪೋಟಿಯ ಪ್ರಯೋಗಾಲಯಕ್ಕೂ ಕೊಡೋಣ ಎಂದು ಹಟ ಹಿಡಿದವರು ಇವರೇ. ಮುಂದಿನ ವರ್ಷ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಕೈಗವಸು ಕಳಚುತ್ತಾ ನಗುತ್ತಾರೆ.

“ನಾನು ಹೋದ್ಮೇಲೂ ಅವು ಇರ್ತಾವೆ. ಬೆಳೆಸಿದ್ದು ಯಾರು ಅಂತ ಅವಕ್ಕೆ ಗೊತ್ತಿರಲ್ಲ. ಗೊತ್ತಾಗೋದೂ ಬೇಡ ಬಿಡಿ, ಹೊತ್ತಿಗೆ ಸರಿಯಾಗಿ ಹಸಿವಾದ್ರೆ ಆಯ್ತು.”