ಇನ್ನೂರ ಹದಿನೇಳನೇ ಅಂಗಿ

ಬೆಳಿಗ್ಗೆ ಐದೂವರೆ. ಕಲಾ ಗ್ಯಾಲರಿಯ ಹಿಂಬಾಗಿಲಿನಿಂದ ಒಳಗೆ ಬಂದು, ಕಾವಲುಗಾರ ಕೈತೋರಿಸಿದ ಕಡೆ ಕತ್ತಲಲ್ಲೇ ನಾಲ್ಕು ಹೆಜ್ಜೆ ಇಡುತ್ತೇನೆ. ಎದುರಿಗೆ ತಲೆಯಿಲ್ಲದ ಜನರ ಗುಂಪು. ಅದರಲ್ಲೊಬ್ಬ ಮೆಲ್ಲಗೆ ತೋಳೆತ್ತುತ್ತಾನೆ. ಚೀರಿಕೊಂಡೆನೋ ಇಲ್ಲವೋ ನೆನಪಿಲ್ಲ. ಕಾವಲುಗಾರ ಆಮೇಲೆ ನಕ್ಕ ರೀತಿ ನೋಡಿದರೆ ಚೀರಿಕೊಂಡೇ ಇರಬೇಕು.

ತೋಳಿನ ಹಿಂದಿನಿಂದ ಒಂದು ಟಾರ್ಚು ಇಣುಕುತ್ತದೆ, ಟಾರ್ಚಿನ ಹಿಂದಿನಿಂದ ಒಬ್ಬ ಹೆಂಗಸು. "ಹೊಸಬರೆಲ್ಲ ಹೆದರ್ತಾರೆ. ಬರೀ ಅಂಗಿ ಕಣಮ್ಮಾ, ಬನ್ನಿ. ಚಪ್ಪಲಿ ಅಲ್ಲೇ ಬಿಡಿ. ಕೈ ಮಾತ್ರ ಬೆನ್ನ ಹಿಂದೆ ಕಟ್ಕೊಳ್ಳಿ" ಎನ್ನುತ್ತಾರೆ. ಪತ್ರಿಕೆಗೆ ಲೇಖನ ಬರೆಯಲೆಂದು ಬಂದಿರುವ, ಮದುವೆಯಾಗಿ ಇಬ್ಬರು ಮಕ್ಕಳಿರುವ ನಾನು ಶಾಲೆಯ ಹುಡುಗಿಯಂತೆ ಕೈ ಕಟ್ಟಿಕೊಳ್ಳುತ್ತೇನೆ.

ಇಲ್ಲಿ ಎಲ್ಲರಿಗೂ ಇವರು ಧೂಳಕ್ಕ. ವಯಸ್ಸು ಐವತ್ಮೂರು. ಗ್ಯಾಲರಿಯಲ್ಲಿರುವ ಕಲಾಕೃತಿಗಳ ಮೇಲಿನ ಧೂಳು ತೆಗೆಯುವುದು ಇವರ ಕೆಲಸ. ಸದ್ಯ ನಡೆಯುತ್ತಿರುವ ಪ್ರದರ್ಶನಗಳಲ್ಲಿ ಜನ ಮುಗಿಬಿದ್ದು ನೋಡುತ್ತಿರುವುದು ಈ ಅಂಗಿಗಳ ಇನ್‌ಸ್ಟಲೇಷನ್. ಹೆಸರು 'ಪಾಳಿ ಬಿಟ್ಟ ಮೇಲೆ'. ಊರಾಚೆಯ ಕಾಗದದ ಕಾರ್ಖಾನೆ ಮುಚ್ಚಿದಾಗ ಅಲ್ಲೇ ಉಳಿದುಹೋದ ಕಾರ್ಮಿಕರ ನೀಲಿ ಅಂಗಿಗಳನ್ನು ಕಲಾವಿದೆಯೊಬ್ಬರು ಚಿಂದಿ ವ್ಯಾಪಾರಿಯಿಂದ ಮೂಟೆಗಟ್ಟಲೆ ಕೊಂಡು ತಂದರು. ನಾನೂರ ಹನ್ನೆರಡು ಅಂಗಿಗಳು, ಒಂದೊಂದೂ ನೈಲಾನ್ ದಾರದಲ್ಲಿ ಆಳೆತ್ತರಕ್ಕೆ ತೂಗುತ್ತಿವೆ. ನೋಡುವವರು ಅವುಗಳ ನಡುವೆ ಹಾದು ಹೋಗಬೇಕು. ಹತ್ತು ನಿಮಿಷಕ್ಕೊಮ್ಮೆ ಫ್ಯಾನು ತಿರುಗಿದಾಗ ತೋಳುಗಳೆಲ್ಲ ಒಟ್ಟಿಗೆ ಏಳುತ್ತವೆ. ಹಾಲ್‌ನಿಂದ ಕಣ್ಣೊರೆಸಿಕೊಂಡು ಹೊರಬರುವವರನ್ನು ನಾನೇ ಕಂಡಿದ್ದೇನೆ.

ಅವರು ನೋಡದ ಕೆಲಸ ಇದು. ಧೂಳಕ್ಕ ಟಾರ್ಚನ್ನು ನೇರಕ್ಕೆ ಬಿಡುವುದಿಲ್ಲ, ಬಟ್ಟೆಗೆ ಒರಗಿಸಿ ಅಡ್ಡಕ್ಕೆ ಬಿಡುತ್ತಾರೆ. ಆಗ ಮಾತ್ರ ಧೂಳು ಎದ್ದು ಕಾಣುತ್ತದೆ. ಇವರು ಎಡಚರು. ಎಡಗೈಯಲ್ಲಿ ಮೆತ್ತನೆಯ ಕುಂಚ, ಬಲಗೈಯಲ್ಲಿ ಧೂಳು ಎಳೆಯುವ ಯಂತ್ರದ ಕೊಳವೆ. ಗುಂಡಿಯೋ ಎಳೆಯೋ ಒಳಗೆ ಹೋಗದಿರಲಿ ಎಂದು ಕೊಳವೆಯ ಬಾಯಿಗೆ ತೆಳು ಬಟ್ಟೆ ಕಟ್ಟಿದ್ದಾರೆ. ದಿನಕ್ಕೆ ಅರವತ್ತು ಅಂಗಿ. ಒಂದು ಸುತ್ತು ಮುಗಿಯಲು ಏಳು ದಿನ, ಮುಗಿದ ಮರುದಿನ ಮತ್ತೆ ಒಂದನೆಯದು. ಇದಾದ ಮೇಲೆ ಪಕ್ಕದ ಹಾಲ್‌ನ ಉಪ್ಪಿನ ಗುಡ್ಡೆಯನ್ನು ಮರದ ಬಾಚಣಿಗೆಯಿಂದ ಬಾಚಬೇಕು, ಮಹಡಿಯಲ್ಲಿ ಪಿಸುಗುಡುವ ತೊಂಬತ್ತು ಹಳೆಯ ರೇಡಿಯೊಗಳನ್ನು ಒರೆಸಬೇಕು. ಹತ್ತಕ್ಕೆ ಬಾಗಿಲು ತೆರೆಯುವಾಗ ಇವರು ಹಿಂಬಾಗಿಲಲ್ಲಿರುತ್ತಾರೆ.

ಕೆಲಸ ಮುಗಿದ ಮೇಲೆ ಕೊಳವೆಯ ಬಟ್ಟೆ ಬಿಚ್ಚಿ ನನಗೆ ತೋರಿಸುತ್ತಾರೆ. "ಧೂಳು ಅಂದ್ರೆ ಮಣ್ಣಲ್ಲ. ಬಂದೋರ ಬಟ್ಟೆ, ಬಂದೋರ ಕೂದಲು. ನಿನ್ನೆ ಶಾಲೆ ಮಕ್ಕಳು ಬಂದಿದ್ರು, ಕೆಂಪು ಸ್ವೆಟರ್‌ನೋರು. ನೋಡಿ ಉಣ್ಣೆ." ನಾನು ಮೂಗಿನ ಮೇಲೆ ಬೆರಳಿಡುತ್ತೇನೆ. ಕಾವಲುಗಾರನನ್ನು ಕೇಳಿದರೆ, ಹೌದು, ಬಂದಿದ್ದವರು ಕೆಂಪು ಸ್ವೆಟರ್‌ನವರೇ.

ಕಸವೆಂದುಕೊಂಡು ಕಲಾಕೃತಿಯನ್ನೇ ಎಸೆದದ್ದುಂಟೇ ಎಂದು ಕೇಳಬಾರದಾಗಿತ್ತು, ಕೇಳಿಬಿಟ್ಟೆ. ಎಲ್ಲರೂ ಅದನ್ನೇ ಕೇಳುತ್ತಾರಂತೆ. "ಕಸ ಯಾವುದು ಅಂತ ಗುಡಿಸೋರಿಗಿಂತ ಚೆನ್ನಾಗಿ ಯಾರಿಗಮ್ಮ ಗೊತ್ತಿರುತ್ತೆ?" ಎಂದರು, ಕುಂಚ ನಿಲ್ಲಿಸದೆ.

ಇವರು ಮೊದಲು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು. ಶಾಲೆ ಮಕ್ಕಳ ಸಮವಸ್ತ್ರ, ಪರದೆ, ದಿಂಬಿನ ಚೀಲ. ಗಂಡ ಇದೇ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಹನ್ನೊಂದು ವರ್ಷದ ಹಿಂದೆ ಬಾಯ್ಲರ್ ಸಿಡಿದು ಸತ್ತ ಮೂವರಲ್ಲಿ ಒಬ್ಬರು. ಮಗಳು ಆಗ ಏಳನೇ ತರಗತಿ, ಈಗ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುತ್ತಾಳೆ. ಒಂಬತ್ತು ವರ್ಷದ ಹಿಂದೆ ಧೂಳಕ್ಕ ಗುಡಿಸುವ ಕೆಲಸಕ್ಕೆ ಇಲ್ಲಿಗೆ ಬಂದರು. ಕಲಾಕೃತಿಗಳ ಹತ್ತಿರ ಗುಡಿಸುವಾಗ ಧೂಳು ಏಳದಿರಲೆಂದು ಪೊರಕೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದುದನ್ನು ಹೊರಗಿನಿಂದ ಬಂದ ತಜ್ಞರೊಬ್ಬರು ನೋಡಿ, ಕೈಗೆ ಕುಂಚ ಕೊಟ್ಟು ಕಲಿಸಿದರು. ಇಷ್ಟನ್ನು ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಗಂಡನ ಕಾರ್ಖಾನೆಯ ಅಂಗಿಗಳ ನಡುವೆಯೇ ಕೆಲಸ ಮಾಡುವುದು ಹೇಗನಿಸುತ್ತದೆ ಎಂದೆ. "ಅಂಗಿ ಎಲ್ಲ ಒಂದೇ ಥರ ಅಲ್ವಾ" ಎಂದು ಮುಂದಿನದಕ್ಕೆ ಹೋದರು.

ನಾನು ಬರೆಯಬೇಕೆಂದುಕೊಂಡಿದ್ದ ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಅರ್ಧ ಪುಟ, ಒಂದು ಚಿತ್ರ. ಮೂರನೆಯ ಬೆಳಿಗ್ಗೆ ಸುಮ್ಮನೆ ಛಾಯಾಚಿತ್ರಕ್ಕೆಂದು ಹೋಗಿದ್ದೆ.

ಅಂದು ಹದಿನೈದು ದಿನಕ್ಕೊಮ್ಮೆ ನಡೆಯುವ ತಪಾಸಣೆ. ಕನ್ನಡಕದ ಯುವತಿಯೊಬ್ಬಳು ದಪ್ಪ ಪುಸ್ತಕ ಹಿಡಿದು ಅಂಗಿಯಿಂದ ಅಂಗಿಗೆ ಹೋಗುತ್ತಿದ್ದಾಳೆ. ಧೂಳಕ್ಕನ ಬಾಯಲ್ಲಿ ಇವಳು ಪುಸ್ತಕದಮ್ಮ. ಪುಸ್ತಕದಲ್ಲಿ ಪ್ರತಿ ಅಂಗಿಗೂ ಗ್ಯಾಲರಿ ಕೊಟ್ಟ ಕ್ರಮಸಂಖ್ಯೆ, ಹಿಂದು ಮುಂದಿನ ಚಿತ್ರ. ಪ್ರತಿಯೊಂದು ಹರಕಿಗೂ, ಕಲೆಗೂ ಕೆಂಪು ಶಾಯಿಯ ಗುರುತು. ಈ ಲೋಕದಲ್ಲಿ ಹರಕು ಕೂಡ ಕಲಾಕೃತಿಯ ಭಾಗ, ಅದು ಹೇಗಿತ್ತೋ ಹಾಗೇ ಇರಬೇಕು. ಇನ್ನೂರ ಹದಿನೇಳನೇ ಅಂಗಿಯ ಮುಂದೆ ಪುಸ್ತಕದಮ್ಮ ನಿಂತುಬಿಟ್ಟಳು. ಪುಸ್ತಕ ನೋಡಿದಳು, ಅಂಗಿ ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಎಡ ಜೇಬಿನಲ್ಲಿ ನಾಲ್ಕು ಬೆರಳಗಲದ ಹರಕು ಇರಬೇಕಿತ್ತು. ಇರಲಿಲ್ಲ.

ಮ್ಯಾನೇಜರ್ ಓಡಿ ಬಂದರು. ದೊಡ್ಡ ವಸ್ತು ಸಂಗ್ರಹಾಲಯವೊಂದು ಇಡೀ ಇನ್‌ಸ್ಟಲೇಷನ್ನನ್ನು ಇದ್ದದ್ದು ಇದ್ದ ಹಾಗೆಯೇ ಒಯ್ಯಲು ಒಪ್ಪಿತ್ತು. ಯಾರ ಕೆಲಸ ಇದು ಎಂದು ಅವರು ಕಾವಲುಗಾರನ ಮೇಲೆ ಹರಿಹಾಯುತ್ತಿರುವಾಗ ಹಿಂದಿನಿಂದ ಧೂಳಕ್ಕನ ದನಿ ಬಂತು.

"ನಾನೇ ಹೊಲಿದೆ. ನಿನ್ನೆ."

ನನಗಂತೂ ಆಘಾತದ ಜೊತೆ ಸಿಟ್ಟೂ ಬಂತು, ಮುಚ್ಚಿಡುವುದೇನು. ನನ್ನ ಕೈ ಬೆನ್ನ ಹಿಂದೆ ಕಟ್ಟಿಸಿದವರು ತಾವು ಸೂಜಿ ಚುಚ್ಚಿದರೇ? ಪುಸ್ತಕದಮ್ಮ 'ಹಾನಿ' ಎಂಬ ಕಾಲಂನಲ್ಲಿ ಬರೆದಳು: 'ಎಡ ಜೇಬು, ಹೊಲಿಯಲಾಗಿದೆ.' ಹರಿದದ್ದು ಹಾನಿಯಲ್ಲ, ಹೊಲಿದದ್ದು ಹಾನಿ. ನಾನು ಅದನ್ನು ಎರಡು ಸಲ ಓದಿಕೊಂಡೆ.

ಫೋನ್ ಹೋಗಿ ಮುಕ್ಕಾಲು ಗಂಟೆಯಲ್ಲಿ ಕಲಾವಿದೆ ಬಂದರು. ನಲವತ್ತರ ಆಸುಪಾಸಿನವರು, ಕೆದರಿದ ತಲೆಯಲ್ಲೇ ಬಂದಿದ್ದರು. ತಜ್ಞರನ್ನು ಕರೆಸಿ ಮಧ್ಯಾಹ್ನದೊಳಗೆ ಹೊಲಿಗೆ ಬಿಚ್ಚಿಸುತ್ತೇನೆ, ಈ ಹೆಂಗಸನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಎಂದು ಮ್ಯಾನೇಜರ್ ಕಲಾವಿದೆಗೆ ಭರವಸೆ ಕೊಡುತ್ತಿದ್ದರು. ಕಲಾವಿದೆ ಮಾತ್ರ ಧೂಳಕ್ಕನ ಕಡೆ ತಿರುಗಿ, ಯಾಕೆ ಎಂದರು.

"ನಮ್ಮನೆಯವರ ಅಂಗಿ ಅದು."

ಪ್ರದರ್ಶನ ಶುರುವಾದ ನಾಲ್ಕನೆಯ ದಿನವೇ ಅವರಿಗೆ ಗೊತ್ತಾಗಿತ್ತು. ಕಾಲರಿನ ಒಳಗೆ ಕುಂಚ ಆಡಿಸುವಾಗ ಎಡಗಡೆ ವಾಲಿದ ಹೊಲಿಗೆ ಕಂಡಿತು. ಎಡಚರ ಕೈಹೊಲಿಗೆ ವಾಲುವುದು ಹಾಗೆಯೇ. ಮುಟ್ಟಬಾರದ ದಾರ ಮುಟ್ಟದೆ, ಗೋಡೆಯವರೆಗೆ ಹೋಗಿ ಕೂತರಂತೆ. ಅಂದಿನಿಂದ ಐದು ವಾರ ಬಾಯಿ ಬಿಟ್ಟಿಲ್ಲ, ಮಗಳ ಹತ್ತಿರವೂ.

ಕಾರ್ಮಿಕರಿಗೆ ತಲಾ ಎರಡು ಅಂಗಿ. ಒಂದು ಮೈಮೇಲೆ, ಇನ್ನೊಂದು ಕಾರ್ಖಾನೆಯ ಲಾಂಡ್ರಿಯಲ್ಲಿ. ಗೇಟಿಗೆ ಸಿಕ್ಕಿ ಜೇಬು ಹರಿದಾಗ, ರಜೆಯ ದಿನ ಹೊಲಿದುಕೊಡುತ್ತೇನೆ ಎಂದು ಇವರು ಹೇಳಿದ್ದರು. ಅಷ್ಟರಲ್ಲಿ ಗಂಡ ಅದನ್ನು ಲಾಂಡ್ರಿಗೆ ಹಾಕಿಬಿಟ್ಟರು. ಮರುದಿನ ಬಾಯ್ಲರ್ ಸಿಡಿಯಿತು. ಮೈಮೇಲಿದ್ದ ಅಂಗಿ ಏನಾಯಿತೆಂದು ನಾನು ಬರೆಯಲಾರೆ. ಉಳಿದ ಒಂದನ್ನಾದರೂ ಕೊಡಿ ಎಂದು ಧೂಳಕ್ಕ ಎರಡು ಸಲ ಕಾರ್ಖಾನೆಯ ಆಫೀಸಿಗೆ ಹೋದರು. ಆ ನಂಬರಿನ ಅಂಗಿ ಇಲ್ಲ ಎಂದು ಎರಡು ಸಲವೂ ವಾಪಸ್ ಕಳಿಸಿದರು.

"ಅದು ನಿಮ್ಮವರದ್ದೇ ಅನ್ನೋದಕ್ಕೆ ಏನು ಸಾಕ್ಷಿ?" ಮ್ಯಾನೇಜರ್ ಕೇಳಿದರು. ಒರಟಾಗಿಯೇನೂ ಅಲ್ಲ, ಆದರೆ ಕೇಳಿದರು.

ಧೂಳಕ್ಕ ತಮ್ಮ ಟಾರ್ಚು ಹುಡುಕಿಕೊಂಡರು. ಕಾರ್ಖಾನೆಯವರು ಕಾಲರಿನ ಒಳಪಟ್ಟಿಯ ಮೇಲೆ ಕಪ್ಪು ಶಾಯಿಯಲ್ಲಿ ನಂಬರು ಬರೆಯುತ್ತಿದ್ದರು. ಉಳಿದೆಲ್ಲ ಅಂಗಿಗಳಲ್ಲೂ ಅದು ಕಾಣುತ್ತದೆ. ಈ ಅಂಗಿಯಲ್ಲಿ ಮಾತ್ರ ಕಾಣುವುದಿಲ್ಲ. ಬೆವರಿಗೆ ಸವೆದ ಪಟ್ಟಿಯ ಮೇಲೆ ಯಾರೋ ಅದೇ ಅಂಗಿಯ ಕೆಳತುದಿಯಿಂದ ಕತ್ತರಿಸಿದ ಬಟ್ಟೆಯ ತೇಪೆ ಹಾಕಿದ್ದಾರೆ.

"ಒಂದು ಸಾವಿರದ ನಲವತ್ತಾರು" ಎಂದು ಮೊದಲು ಹೇಳಿದರು. ಆಮೇಲೆ ಟಾರ್ಚನ್ನು ಕಾಲರಿನ ಹೊರಮೈಗೆ ಒತ್ತಿ ಹಿಡಿದರು.

ತೇಪೆಯೊಳಗಿಂದ ಬೆಳಕು ಹಾದುಬಂತು. ಬೆಳಕಿನ ನಡುವೆ ನಾಲ್ಕು ಅಂಕಿಗಳ ನೆರಳು. ಒಂದು, ಸೊನ್ನೆ, ನಾಲ್ಕು, ಆರು. ಪುಸ್ತಕದಮ್ಮನ ಕೈಯಿಂದ ಪೆನ್ನು ಜಾರಿ ನೆಲಕ್ಕೆ ಬಿತ್ತು.

"ತೇಪೆ ಹಾಕಿದ್ದು ನಾನೇ. ನಂಬರ್ ಮುಚ್ಚಿಹೋಯ್ತಲ್ಲೇ ಅಂದಿದ್ರು. ಇನ್ನೊಂದ್ಸಲ ಬರೆಸ್ಕೊಳ್ಳಿ ಅಂದಿದ್ದೆ" ಎಂದರು ಧೂಳಕ್ಕ. ಟಾರ್ಚು ಆರಿಸಲಿಲ್ಲ. "ಆಫೀಸಿನೋರು ಸುಳ್ಳು ಹೇಳಿದ್ರು ಅಂತ ಹನ್ನೊಂದು ವರ್ಷ ಬೈಕೊಂಡಿದ್ದೆ. ಗುರುತು ಮುಚ್ಚಿದ್ದು ನನ್ನ ಕೈನೇ. ಅದನ್ನ ಬಿಚ್ಚೋಕೆ ಧೈರ್ಯ ಬರ್ಲಿಲ್ಲ. ಹೊಲಿದುಕೊಡ್ತೀನಿ ಅಂದ ಜೇಬು ಒಂದು ಬಾಕಿ ಇತ್ತು, ಅದನ್ನ ಹೊಲಿದೆ."

ಕಲಾವಿದೆ ನೆಲದ ಮೇಲೆ ಕೂತುಬಿಟ್ಟರು. ಎರಡು ವರ್ಷ ಈ ಅಂಗಿಗಳ ಜೊತೆ ಕಳೆದವರು ಅವರು. "ತೊಟ್ಟವರೆಲ್ಲ ಎಲ್ಲೋ ಮರೆಯಾಗಿ ಹೋದ ಜನ ಎಂದುಕೊಂಡಿದ್ದೆ, ಅವರ ಮನೆಯವರು ದಿನಾ ಬೆಳಿಗ್ಗೆ ಇಲ್ಲೇ ಇದ್ದರಲ್ಲ" ಎಂದು ಆಮೇಲೆ ನನ್ನೊಡನೆ ಹೇಳಿದರು. ಆ ಹೊತ್ತಿಗೆ ಅವರಿಂದ ಹೊರಟದ್ದು ಒಂದೇ ಮಾತು. ಮನೆಗೆ ಒಯ್ಯುತ್ತೀರಾ?

ಇಂಥ ಕಡೆ ಲೇಖಕರಿಗೆ ಒಂದು ಚಪಲ ಇರುತ್ತದೆ. ಧೂಳಕ್ಕ ಬೇಡವೆನ್ನುತ್ತಾರೆ, ಅಂಗಿ ತನ್ನ ಜೊತೆಗಾರರ ನಡುವೆಯೇ ಇರಲಿ ಎನ್ನುತ್ತಾರೆ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಅವರು ಎರಡೂ ಕೈ ಮುಂದೆ ಚಾಚಿದರು.

"ಕೊಡಿ."

ಮ್ಯಾನೇಜರ್ ವಸ್ತು ಸಂಗ್ರಹಾಲಯದ ಕರಾರು ನೆನಪಿಸಿದರು. ಕಲಾವಿದೆ, ಸಂಗ್ರಹಾಲಯಕ್ಕೆ ನಾನೇ ಪತ್ರ ಬರೆಯುತ್ತೇನೆ, ದಾರ ಹಾಗೇ ಖಾಲಿ ತೂಗಲಿ, ಇವರು ಕೆಲಸದಲ್ಲೇ ಇರಲಿ ಎಂದರು. ಪುಸ್ತಕದಮ್ಮ ಹಾನಿಯ ಕಾಲಂನಲ್ಲಿ ಬರೆದದ್ದನ್ನು ಹೊಡೆದು ಹಾಕಿದಳು. ಪಕ್ಕದಲ್ಲಿ ಏನು ಬರೆಯಬೇಕೆಂದು ಯಾರನ್ನೂ ಕೇಳಲಿಲ್ಲ. 'ಮನೆಗೆ ಹೋಗಿದೆ' ಎಂದು ಬರೆದಳು.

ನಾನು ಸಂಜೆ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದೆ. ಬಾಯ್ಲರ್ ಸುದ್ದಿ ಸಿಕ್ಕಿತು. ಒಳಪುಟದಲ್ಲಿ ನಾಲ್ಕು ಸಾಲು. 'ಮೂವರು ಕಾರ್ಮಿಕರು' ಎಂದಿದೆ, ಯಾರು ಏನು ಎಂದಿಲ್ಲ. ಆ ದಿನಗಳಲ್ಲಿ ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದುದು ಆ ಕಾರ್ಖಾನೆಯ ಕಾಗದದ ಮೇಲೆಯೇ. ನನಗೆ ನಾಚಿಕೆಯಾಯಿತು.

ಮರುದಿನ ಐದೂವರೆಗೆ ಧೂಳಕ್ಕ ಅಲ್ಲೇ ಇದ್ದಾರೆ. ಅಂಗಿ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿದೆಯಂತೆ. ಒಗೆಯಬೇಡ ಎಂದು ಮಗಳಿಗೆ ತಾಕೀತು ಮಾಡಿ ಬಂದಿದ್ದಾರೆ. ಇನ್ನೂರ ಹದಿನಾರು ಮುಗಿಸಿ, ಖಾಲಿ ದಾರಕ್ಕೂ ಒಮ್ಮೆ ಕುಂಚ ಆಡಿಸಿ, ಇನ್ನೂರ ಹದಿನೆಂಟಕ್ಕೆ ಹೋಗುತ್ತಾರೆ. ಏನಾದರೂ ಆಸೆ ಇದೆಯೇ ಎಂದು ನಾನು ಕೇಳುತ್ತೇನೆ. ಅವರ ಉತ್ತರ ಸಿದ್ಧವಾಗಿದೆ. ಬೇರೆ ಜನ ಬರದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ, ಕಾಗದದ ಕಾರ್ಖಾನೆಯ ಕಾರ್ಮಿಕರ ಮನೆಯವರನ್ನು ಒಳಗೆ ಬಿಡಬೇಕು, ತಮ್ಮವರ ಅಂಗಿ ಗುರುತು ಹಿಡಿದವರು ಒಯ್ಯಲಿ. ಕಾಲರಿನ ನಂಬರು ಮನೆಯವರಿಗೆ ನೆನಪಿರುತ್ತದೆ, ಇಲ್ಲವಾದರೆ ಹೊಲಿಗೆ ನೆನಪಿರುತ್ತದೆ. "ನಿಮ್ಮ ಪೇಪರ್‌ನಲ್ಲಿ ಹಾಕ್ತೀರಾ?" ಎನ್ನುತ್ತಾರೆ. ಹಾಕಿದ್ದೇನೆ: ಬರುವ ಸೋಮವಾರ, ಗ್ಯಾಲರಿಯ ರಜೆಯ ದಿನ, ಬೆಳಿಗ್ಗೆ ಆರಕ್ಕೆ, ಹಿಂಬಾಗಿಲು.

ಮ್ಯಾನೇಜರ್ ಇನ್ನೂ ತಲೆ ಮೇಲೆ ಕೈಹೊತ್ತು ಕೂತಿದ್ದಾರೆ. ಒಪ್ಪಿಗೆ ಕೊಟ್ಟ ಕಲಾವಿದೆಗೂ ಒಳಗೊಳಗೇ ಅಳುಕಿದೆ. ನಾನು ಹೊರಡುವ ಹೊತ್ತಿಗೆ ಅವರು ಅಂಗಿಗಳ ನಡುವೆ ನಿಂತು ಮೆಲ್ಲಗೆ ಕೇಳಿದರು, ಎಲ್ಲವೂ ಹೋಗಿಬಿಟ್ಟರೆ?

ಧೂಳಕ್ಕ ಟಾರ್ಚನ್ನು ಅಡ್ಡಕ್ಕೆ ಹಿಡಿದು ಮುಂದಿನ ತೋಳು ನೋಡುತ್ತಿದ್ದರು.

"ಹೋಗ್ಲಿ ಬಿಡಿ. ಪಾಳಿ ಮುಗಿದು ಎಷ್ಟು ವರ್ಷ ಆಯ್ತು."